ಒಂದು ರಾತ್ರಿಯ ಗೌನಿಗೆ ಎಷ್ಟು ಡಾಲರ್?

ಸಂಕ್ರಾಂತಿ ಮುಗಿಯುವ ಹೊತ್ತಿಗೆ ಅಮೆರಿಕದ ಕನ್ನಡ ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಳ್ಳು–ಬೆಲ್ಲದ ಫೋಟೊಗಳ ನಡುವೆ ಒಂದು ಪ್ರಶ್ನೆ ತಪ್ಪದೆ ತಲೆ ಹಾಕುತ್ತದೆ: ‘ಪ್ರಾಮ್ ಡ್ರೆಸ್‌ಗೆ ಎಷ್ಟು ಇಟ್ಕೊಂಡಿದ್ದೀರಿ?’ ಉತ್ತರಗಳು ಎಂಬತ್ತು ಡಾಲರಿನಿಂದ ಶುರುವಾಗಿ ಎಂಟುನೂರರವರೆಗೆ ಏರುತ್ತವೆ. ಎಂಬತ್ತು ಎಂದವರ ಬೆನ್ನಿಗೆ ‘ಎಲ್ಲಿ ಸಿಕ್ತು, ಲಿಂಕ್ ಹಾಕಿ’ ಎಂದು ಹತ್ತು ಜನ ಬೀಳುತ್ತಾರೆ. ಎಂಟುನೂರು ಎಂದವರಿಗೆ ಬರುವುದು ಒಂದು ಹೃದಯದ ಇಮೋಜಿ ಅಷ್ಟೇ. ಆ ಹೃದಯದ ಅರ್ಥ ಹಾಕಿದವರಿಗೂ ಗೊತ್ತು, ಹಾಕಿಸಿಕೊಂಡವರಿಗೂ ಗೊತ್ತು.

ಊರಲ್ಲಿರುವವರಿಗೆ ಇದು ಸ್ವಲ್ಪ ವಿವರಿಸಬೇಕು. ಅಮೆರಿಕದ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ. ಹನ್ನೊಂದು ಮತ್ತು ಹನ್ನೆರಡರ ಮಕ್ಕಳಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಒಂದು ಸಂಜೆ, ಹೋಟೆಲಿನ ದೊಡ್ಡ ಹಾಲ್‌ನಲ್ಲೋ ಶಾಲೆಯ ಜಿಮ್‌ನಲ್ಲೋ ನಡೆಯುವ ಔಪಚಾರಿಕ ನೃತ್ಯಕೂಟವೇ ಪ್ರಾಮ್. ಹುಡುಗರು ಸೂಟು ಅಥವಾ ಟಕ್ಸಿಡೊ ತೊಡುತ್ತಾರೆ, ಹುಡುಗಿಯರು ನೆಲ ಮುಟ್ಟುವ ಗೌನು. ಇದಲ್ಲದೆ ಶರತ್ಕಾಲದಲ್ಲಿ ಹೋಮ್‌ಕಮಿಂಗ್ ಎಂಬ ಇನ್ನೊಂದು ನೃತ್ಯ ಪ್ರತಿವರ್ಷ ಇರುತ್ತದೆ. ಅದಕ್ಕೆ ಮೊಣಕಾಲಿನ ಉದ್ದದ ಡ್ರೆಸ್ ಸಾಕು, ಬೆಲೆಯೂ ಕಡಿಮೆ. ಕೆಲವು ಶಾಲೆಗಳಲ್ಲಿ ಚಳಿಗಾಲದ್ದೂ ಒಂದಿದೆ. ಹಾಗಾಗಿ ‘ಜೀವನದಲ್ಲಿ ಒಂದೇ ಸಲ ಅಮ್ಮಾ’ ಎಂದು ಮಗಳು ಹೇಳಿದರೆ ಕರಗುವ ಮುಂಚೆ ಶಾಲೆಯ ಕ್ಯಾಲೆಂಡರ್ ನೋಡಿಕೊಳ್ಳುವುದು ಒಳ್ಳೆಯದು. ಬಹಳ ಶಾಲೆಗಳಲ್ಲಿ ಜೂನಿಯರ್ ಪ್ರಾಮ್ ಬೇರೆ, ಸೀನಿಯರ್ ಪ್ರಾಮ್ ಬೇರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈಶಾನ್ಯ ಅಮೆರಿಕದ ಕಾಲೇಜುಗಳಲ್ಲಿ, ಉಳ್ಳವರ ಮಕ್ಕಳಿಗೆ ಸಭ್ಯತೆ ಕಲಿಸುವ ನೆಪದಲ್ಲಿ ಶುರುವಾದ ಕೂಟ ಇದು. ಶ್ರೀಮಂತರು ಮನೆಯ ಹೆಣ್ಣುಮಕ್ಕಳನ್ನು ಸಮಾಜಕ್ಕೆ ಪರಿಚಯಿಸಲು ನಡೆಸುತ್ತಿದ್ದ ಔತಣಗಳ ನಕಲು ಎಂದರೂ ತಪ್ಪಿಲ್ಲ. ಎರಡನೇ ಮಹಾಯುದ್ಧ ಮುಗಿದು ಮಧ್ಯಮವರ್ಗದ ಕೈಯಲ್ಲಿ ದುಡ್ಡು ಓಡಾಡತೊಡಗಿದಾಗ ಹೈಸ್ಕೂಲಿನ ಪ್ರಾಮ್ ಕೂಡ ಜಿಮ್ ಬಿಟ್ಟು ಹೋಟೆಲಿನ ಹಾದಿ ಹಿಡಿಯಿತು. 1944ರಲ್ಲಿ ಶುರುವಾದ ‘ಸೆವೆಂಟೀನ್’ ಪತ್ರಿಕೆ ಹದಿಹರೆಯದ ಹುಡುಗಿಯನ್ನು ಒಬ್ಬ ಗಿರಾಕಿ ಎಂದು ನೋಡಲು ಬಟ್ಟೆ ವ್ಯಾಪಾರಿಗಳಿಗೆ ಕಲಿಸಿತು. 1975ರ ಮೇ ಕೊನೆಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಮಗಳು ಸೂಸನ್ ತನ್ನ ಶಾಲೆಯ ಸೀನಿಯರ್ ಪ್ರಾಮನ್ನು ಶ್ವೇತಭವನದ ಈಸ್ಟ್ ರೂಮಿನಲ್ಲೇ ನಡೆಸಿದಳು. ಅಲ್ಲಿಗೆ ಪ್ರಾಮ್ ಅಮೆರಿಕದ ಮನೆಮನೆಯ ಹಬ್ಬವಾಗಿ ಗಟ್ಟಿಯಾಗಿ ಕೂತಿತ್ತು.

ಖರ್ಚಿನ ಲೆಕ್ಕಕ್ಕೆ ಬರೋಣ. ಕಾರ್ಡ್ ಕಂಪನಿ ವೀಸಾ ಕೆಲವು ವರ್ಷ ಪ್ರಾಮ್ ಖರ್ಚಿನ ಸಮೀಕ್ಷೆ ಮಾಡಿಸಿತ್ತು. ಉಡುಪು, ಟಿಕೆಟ್, ಕಾರು, ಊಟ, ಅಲಂಕಾರ ಎಲ್ಲ ಸೇರಿ ಒಂದು ಮನೆ ಒಂದು ಮಗುವಿಗೆ ಮಾಡುವ ಸರಾಸರಿ ಖರ್ಚು 2012ರಲ್ಲಿ 1,078 ಡಾಲರ್, 2013ರಲ್ಲಿ 1,139, 2014ರಲ್ಲಿ 978, 2015ರಲ್ಲಿ 919. ಅದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ, 73%, ಅಪ್ಪ–ಅಮ್ಮಂದಿರ ಜೇಬಿನದು. ‘ನನ್ನ ಜತೆ ಪ್ರಾಮ್‌ಗೆ ಬರ್ತೀಯಾ’ ಎಂದು ಕೇಳುವುದಕ್ಕೇ ಈಗ ಬ್ಯಾನರು, ಬಲೂನು, ಕೇಕು ಬೇಕು. 2015ರಲ್ಲಿ ಆ ಕೇಳುವಿಕೆಯೊಂದಕ್ಕೇ 324 ಡಾಲರ್ ಬಿದ್ದಿತ್ತು. ನಮ್ಮಲ್ಲಿ ಕೆಲವು ನಿಶ್ಚಿತಾರ್ಥಗಳೇ ಅಷ್ಟರಲ್ಲಿ ಮುಗಿಯುತ್ತವೆ.

ಆ ಸಮೀಕ್ಷೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸರಾಸರಿಯಲ್ಲ. ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ದುಡಿಯುವ ಮನೆಗಳು 2015ರಲ್ಲಿ ಸರಾಸರಿ 799 ಡಾಲರ್ ಖರ್ಚು ಮಾಡಲು ಹೊರಟಿದ್ದವು. 25,000ಕ್ಕಿಂತ ಕಡಿಮೆ ದುಡಿಯುವ ಮನೆಗಳು? 1,393 ಡಾಲರ್! ಬಡವರಿಗೆ ಬುದ್ಧಿಯಿಲ್ಲ ಎಂದು ಅಲ್ಲಿನ ಹಣಕಾಸು ಪಂಡಿತರು ಆಗ ಒಂದಿಷ್ಟು ಉಪದೇಶ ಬರೆದರು. ಸಾಲ ಮಾಡಿ ಮಗಳ ಮದುವೆಗೆ ಊರಿಗೆಲ್ಲ ಊಟ ಹಾಕಿದ ಮನೆಗಳನ್ನು ನೋಡಿ ಬೆಳೆದ ನಮಗೆ ಇದು ಅಷ್ಟು ವಿಚಿತ್ರ ಅನಿಸಬೇಕಿಲ್ಲ. ಮುಂದೆ ಕಾಲೇಜಿನ ಪದವಿ ಸಮಾರಂಭ, ವಿದೇಶ ಪ್ರವಾಸ, ಹೋಟೆಲಿನ ಮದುವೆ ಇವೆಲ್ಲ ಸಿಗುವುದು ಖಾತ್ರಿ ಇಲ್ಲದವರು ಇದ್ದೊಂದು ರಾತ್ರಿಯನ್ನು ಚೆಂದ ಮಾಡಿಕೊಡಲು ನೋಡುತ್ತಾರೆ. ತಮ್ಮ ಮಗಳು ಉಳಿದವರ ಎದುರು ಕಡಿಮೆಯಾಗಿ ಕಾಣಬಾರದು ಎಂಬ ಹಟ ಉಳ್ಳವರಿಗಿಂತ ಇಲ್ಲದವರಲ್ಲೇ ಜಾಸ್ತಿ. ಆ ಹಟ ನನಗೆ ಅರ್ಥವಾಗುತ್ತದೆ. ಆದರೆ ಅದರ ಕಂತನ್ನು ಡಿಸೆಂಬರ್‌ವರೆಗೂ ಕಟ್ಟುವವಳು ಅಮ್ಮನೇ ಎಂಬುದೂ ಅಷ್ಟೇ ನಿಜ.

ಗೌನಿನ ಬೆಲೆ ಎಲ್ಲಿಂದ ಬರುತ್ತದೆ?

ಮಾಲ್‌ಗಳಲ್ಲಿ, ಮೇಸಿಸ್, ವಿಂಡ್ಸರ್‌ನಂಥ ಅಂಗಡಿಗಳಲ್ಲಿ ಸುಮಾರು 80ರಿಂದ 250 ಡಾಲರಿಗೆ ಉಡಬಹುದಾದ ಗೌನು ಸಿಗುತ್ತದೆ. ಪ್ರಾಮ್‌ಗಳಿಗೆಂದೇ ಇರುವ ಬೂಟೀಕ್‌ಗಳಿಗೆ ಕಾಲಿಟ್ಟರೆ, ಶೆರಿ ಹಿಲ್, ಜೊವಾನಿಯಂಥ ಹೆಸರುಗಳ ಮುಂದೆ ನಿಂತರೆ, ಮಾತು ಮುನ್ನೂರೈವತ್ತರಿಂದ ಶುರುವಾಗಿ ಸುಲಭವಾಗಿ ಏಳುನೂರು ದಾಟುತ್ತದೆ. ಎರಡೂ ಬಹುಮಟ್ಟಿಗೆ ಹೊಲಿಗೆಯಾಗಿ ಬರುವುದು ಚೀನಾದಿಂದಲೇ. ಸುಝೌ ಊರಿನ ಹುಚಿಯೂ ಪ್ರದೇಶ, ಗುವಾಂಗ್‌ಡಾಂಗಿನ ಚಾವ್‌ಝೌ ಇವೆಲ್ಲ ಮದುವೆ ಗೌನು, ಸಂಜೆಯ ಗೌನುಗಳ ಊರುಗಳು. ಕೈಯಲ್ಲಿ ಮಣಿ, ಚಮ್ಕಿ ಹಾಕುವ ಕೆಲಸ ಒಂದಷ್ಟು ನಮ್ಮ ದೇಶದಲ್ಲೂ ಆಗುತ್ತದೆ. ಬೆಲೆಯ ವ್ಯತ್ಯಾಸ ಇರುವುದು ಒಳಗೆ. ಎದೆಯ ಭಾಗ ಜಾರದಂತೆ ನಿಲ್ಲಿಸುವ ಬೋನಿಂಗ್ ಎಷ್ಟು ಸಾಲು ಇದೆ, ಒಳಪದರ ಸ್ಯಾಟಿನ್ನೋ ಚುಚ್ಚುವ ಪಾಲಿಯೆಸ್ಟರೋ, ಚಮ್ಕಿ ಒಂದೊಂದಾಗಿ ಹೊಲಿದಿದ್ದಾರೋ ಬಟ್ಟೆಗೆ ಅಂಟಿಸಿದ್ದಾರೋ ಎಂಬುದರಲ್ಲಿ. ಅಂಟಿಸಿದ್ದಾದರೆ ಕಾರಿನ ಸೀಟಿನಲ್ಲೇ ಅರ್ಧ ಉದುರುತ್ತದೆ.

2025ರ ವಸಂತ ಈ ವ್ಯಾಪಾರಕ್ಕೆ ಕೆಟ್ಟ ಕಾಲ. ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲೆ ಟ್ರಂಪ್ ಸರ್ಕಾರ ಹೇರಿದ ಸುಂಕ 145%ಕ್ಕೆ ಏರಿತು, ಮೇ ತಿಂಗಳ ನಡುವೆ 30%ಕ್ಕೆ ಇಳಿಯಿತು. ಪ್ರಾಮ್‌ನ ಭರಾಟೆಯೂ ಸರಿಯಾಗಿ ಆ ತಿಂಗಳುಗಳಲ್ಲೇ. ಬೂಟೀಕಿನವರು ಟ್ಯಾಗಿನ ಬೆಲೆಯ ಮೇಲೆ ‘ಸುಂಕದ ಶುಲ್ಕ’ ಎಂದು ಬೇರೆ ಸಾಲು ಬರೆಯತೊಡಗಿದರು. 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಸುಂಕವಿಲ್ಲ ಎಂಬ ಹಳೆಯ ವಿನಾಯಿತಿಯನ್ನು ಚೀನಾದ ಮಟ್ಟಿಗೆ ಮೇ 2ರಿಂದ ತೆಗೆದುಹಾಕಿದರು. ಚೀನಾದ ಆ್ಯಪಿನಿಂದ ನಲವತ್ತು ಡಾಲರಿಗೆ ಗೌನು ತರಿಸುತ್ತಿದ್ದವರಿಗೂ ಬಿಸಿ ತಟ್ಟಿತು.

ಟ್ಯಾಗಿನಲ್ಲಿ ಕಾಣುವುದು ಮಾತ್ರ ಬೆಲೆಯಲ್ಲ ಎಂಬುದು ಸೀರೆಗೆ ಫಾಲ್ ಹಾಕಿಸಿ, ಕುಚ್ಚು ಕಟ್ಟಿಸಿ, ಬ್ಲೌಸು ಹೊಲಿಸುವ ನಮಗೆ ಹೊಸದಾಗಿ ಹೇಳಬೇಕಿಲ್ಲ. ಗೌನನ್ನು ಎತ್ತರದ ಹುಡುಗಿಗೆಂದು ಹೊಲಿದಿರುತ್ತಾರೆ. ಐದು ಅಡಿ ಎರಡಂಗುಲದ ನಮ್ಮ ಹುಡುಗಿಗೆ ಕೆಳಗೆ ಕತ್ತರಿಸಿ ಮಡಚಲೇಬೇಕು, ಭುಜ ಬಿಗಿ ಮಾಡಿಸಬೇಕು, ಪಕ್ಕ ಹಿಡಿಸಬೇಕು. ನೆಟ್ಟಿನ ಪದರಗಳು ನಾಲ್ಕಿದ್ದರೆ ನಾಲ್ಕಕ್ಕೂ ಬೇರೆ ಬೇರೆ ಅಂಚು. ಸುಮ್ಮನೆ ನೂರು, ನೂರೈವತ್ತು ಡಾಲರ್ ಅಲ್ಲಿ ಹೋಗುತ್ತದೆ. ಮೇಲೆ ಚಪ್ಪಲಿ, ಕೈಚೀಲ, ಕೂದಲು, ಉಗುರು, ಮುಂಗೈಗೆ ಕಟ್ಟುವ ಹೂವಿನ ಕೊರ್ಸಾಜ್. ಟಿಕೆಟ್ ಬೇರೆ. ತೆರಿಗೆಯ ವಿಷಯದಲ್ಲೂ ಒಂದು ತಮಾಷೆ ಇದೆ. ಪೆನ್ಸಿಲ್ವೇನಿಯಾದಲ್ಲಿ ದಿನನಿತ್ಯದ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ, ಔಪಚಾರಿಕ ಉಡುಪಿಗೆ 6% ಇದೆ. ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಬಟ್ಟೆಗೆ ತೆರಿಗೆಯೇ ಇಲ್ಲ. ಫಿಲಡೆಲ್ಫಿಯಾದ ಅಮ್ಮಂದಿರು ಶನಿವಾರ ಸೇತುವೆ ದಾಟುವುದು ಬರೀ ಹವಾ ಬದಲಾವಣೆಗಲ್ಲ.

ಹುಡುಗರ ಕಡೆ ನೋಡಿ. ಒಂದು ಟಕ್ಸಿಡೊ ನೂರೈವತ್ತು, ಇನ್ನೂರು ಡಾಲರಿಗೆ ಬಾಡಿಗೆಗೆ ತಂದು, ಸೋಮವಾರ ವಾಪಸ್ ಕೊಟ್ಟು ಬರುತ್ತಾರೆ. ಇನ್ನೂರು ಹುಡುಗರು ಒಂದೇ ಕಪ್ಪು ಕೋಟಿನಲ್ಲಿ ನಿಂತರೂ ಯಾರೂ ಅಳುವುದಿಲ್ಲ. ಹುಡುಗಿಯರಲ್ಲಿ ಇಬ್ಬರದು ಒಂದೇ ಆದರೆ ಅದೇ ಊರ ಸುದ್ದಿ. ಅದಕ್ಕಾಗಿಯೇ ಬೂಟೀಕ್‌ಗಳು ಶಾಲೆವಾರು ಪಟ್ಟಿ ಇಡುತ್ತವೆ. ಒಂದು ಶಾಲೆಯ ಹುಡುಗಿಗೆ ಮಾರಿದ ಗೌನನ್ನು ಅದೇ ಶಾಲೆಯ ಇನ್ನೊಬ್ಬಳಿಗೆ ಅವರು ಮಾರುವುದಿಲ್ಲ. ಶಾಲೆಯ ಹುಡುಗಿಯರೂ ಇನ್‌ಸ್ಟಾಗ್ರಾಮಿನಲ್ಲಿ ಒಂದು ಖಾತೆ ತೆರೆದು ‘ಇದು ನನ್ನದು, ಯಾರೂ ಕೊಳ್ಳಬೇಡಿ’ ಎಂದು ಬೇಲಿ ಹಾಕಿಕೊಳ್ಳುತ್ತಾರೆ. ಫೆಬ್ರುವರಿಯಲ್ಲೇ ಕೊಂಡುಬಿಡುವ ಅವಸರ ಹುಟ್ಟುವುದು ಇಲ್ಲಿಂದ. ಅವಸರದಲ್ಲಿ ಚೌಕಾಸಿ ನಡೆಯುವುದಿಲ್ಲ, ವ್ಯಾಪಾರಿಗೆ ಅದು ಚೆನ್ನಾಗಿ ಗೊತ್ತು.

ದುಡ್ಡೋ, ಬೆನ್ನೋ?

ಕಳೆದ ವರ್ಷ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೋದಾಗ ಇಂಥದೊಂದು ಅಂಗಡಿಗೆ ನಾನೂ ಬಾಲಂಗೋಚಿಯಾಗಿ ಹೋಗಿದ್ದೆ. ಅಂಗಡಿಯಾಕೆ ಅಕ್ಕನ ಮಗಳ ಹೆಸರು ಕೇಳುವ ಮೊದಲು ಕೇಳಿದ್ದು ‘ಯಾವ ಶಾಲೆ?’. ಉತ್ತರ ಕೇಳಿ ಕಂಪ್ಯೂಟರು ನೋಡಿ, ಸಾಲಿನಿಂದ ಎರಡು ಗೌನುಗಳನ್ನು ಹಿಂದಕ್ಕೆ ಸರಿಸಿದಳು. ಅವು ಆಗಲೇ ಆ ಶಾಲೆಗೆ ಮಾರಿಹೋಗಿದ್ದವು. ಒಳಗೆ ಮೂರು ಕನ್ನಡಿಗಳ ನಡುವೆ ಒಂದು ಪುಟ್ಟ ಕಟ್ಟೆ. ಹುಡುಗಿ ಮೇಲೆ ನಿಂತರೆ ಅಂಗಡಿಯಾಕೆ ಹಿಂದಿನಿಂದ ಸಡಿಲ ಬಟ್ಟೆಯನ್ನು ಹಿಡಿದು, ಮರಗೆಲಸದವರ ಹತ್ತಿರ ಇರುತ್ತಲ್ಲ, ಅಂಥ ದೊಡ್ಡ ಕ್ಲಿಪ್ಪುಗಳನ್ನು ಬೆನ್ನುದ್ದಕ್ಕೂ ಸಿಕ್ಕಿಸುತ್ತಾಳೆ. ಮುಂದಿನಿಂದ ರಾಜಕುಮಾರಿ, ಹಿಂದಿನಿಂದ ರಿಪೇರಿಗೆ ಬಂದ ಕುರ್ಚಿ.

ಬೆಲೆಯ ಚೀಟಿ ಕಂಕುಳ ಬಳಿ ಒಳಗಡೆ ತೂಗುತ್ತಿರುತ್ತದೆ. ಅಕ್ಕ ಅದನ್ನು ಹುಡುಕಿ ಹೊರಗೆಳೆದು ಓದಿದಳು: 598.

‘ಐವತ್ತು ಸಾವಿರ ರೂಪಾಯಿ ಕಣೇ!’

‘ಅಮ್ಮ, ಪ್ಲೀಸ್, ರುಪೀಸ್‌ಗೆ ಕನ್ವರ್ಟ್ ಮಾಡ್ಬೇಡ. ನಾವಿರೋದು ಎಡಿಸನ್‌ನಲ್ಲಿ.’

‘ನಿನ್ನಜ್ಜಿ ಫೋನ್ ಮಾಡಿ ಕೇಳಿದ್ರೆ ಡಾಲರ್‌ನಲ್ಲಿ ಹೇಳ್ಲಾ?’

ಎರಡನೆಯದು 310 ಡಾಲರಿನದು, ಕಡುಹಸಿರು, ಬೆನ್ನು ಸೊಂಟದವರೆಗೂ ತೆರೆದದ್ದು. ಹುಡುಗಿಗೆ ಅದು ನಿಜಕ್ಕೂ ಒಪ್ಪುತ್ತಿತ್ತು. ಅಕ್ಕ ಸುತ್ತು ಹಾಕಿ ನೋಡಿ ‘ತುಂಬಾ ದುಬಾರಿ ಆಯ್ತು’ ಎಂದಳು. ಮೂರನೆಯದಕ್ಕೆ ತೋಳಿತ್ತು, ಬೆನ್ನಿಗೆ ಲೇಸು ಇತ್ತು, ಬೆಲೆ 420. ‘ಇದು ಪರವಾಗಿಲ್ಲ ನೋಡು’ ಎಂದುಬಿಟ್ಟಳು. ಹುಡುಗಿ ನನ್ನ ಕಡೆ ನೋಡಿ, ‘ಚಿಕ್ಕಮ್ಮ, ಮ್ಯಾತ್ ಸರಿ ಇದ್ಯಾ ಇದು?’ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಭಾವನವರು ಅಂಗಡಿಗೇ ಬಂದಿರಲಿಲ್ಲ. ‘ನೀವೇ ನೋಡ್ಕೊಳಿ’ ಎಂದು ಕಾರಿನಲ್ಲಿ ಕೂತು ಆಫೀಸಿನ ಕಾಲ್ ಮುಗಿಸುತ್ತಿದ್ದರು.

ನಮ್ಮ ಮನೆಗಳಲ್ಲಿ ಪ್ರಾಮ್ ಡ್ರೆಸ್ಸಿನ ದುಡ್ಡಿನ ಜಗಳ ಅರ್ಧಕ್ಕರ್ಧ ದುಡ್ಡಿನದ್ದಲ್ಲ. ಬೆನ್ನಿನದ್ದು, ಎದೆಯದ್ದು, ತೊಡೆಯ ಮೇಲಿನ ಸೀಳಿನದ್ದು, ಜತೆಗೆ ಬರುವ ಹುಡುಗನದ್ದು. ಅದನ್ನು ನೇರ ಹೇಳಲು ಸಂಕೋಚ, ಹೇಳಿದರೆ ‘ಜಡ್ಜ್ ಮಾಡ್ತೀಯ’ ಎಂಬ ಆರೋಪ. ಆದ್ದರಿಂದ ಅಮ್ಮಂದಿರು ಬೆಲೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ. ಮಕ್ಕಳು ಕುರುಡರಲ್ಲ. ಒಂದು ಸಲ ಈ ಲೆಕ್ಕ ಹಿಡಿದುಬಿಟ್ಟರೆ ಆಮೇಲೆ ನಿಜವಾಗಿಯೂ ದುಡ್ಡಿಲ್ಲದಾಗಲೂ ನಂಬುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ದುಬಾರಿ ತಪ್ಪು ಇದೇ. ‘ಬೆನ್ನು ಇಷ್ಟು ತೆರೆದದ್ದು ನನಗೆ ಇಷ್ಟವಿಲ್ಲ’ ಎಂದು ಬಾಯಿಬಿಟ್ಟು ಹೇಳಿ, ಅದರ ಮೇಲೆ ಜಗಳವಾಡಿ. ಬೆಲೆಯ ಮಾತನ್ನು ಬೆಲೆಗೇ ಇಟ್ಟುಕೊಳ್ಳಿ.

ಮೈ ಮುಚ್ಚುವ ಗೌನಿನ ಹುಡುಕಾಟ ನಮ್ಮೊಬ್ಬರದೇ ಅಲ್ಲ. ಯೂಟಾದ ಮಾರ್ಮನ್ ಕುಟುಂಬಗಳಿಗಾಗಿ ತೋಳಿರುವ, ಕತ್ತು ಮೇಲಿರುವ ಗೌನುಗಳದ್ದೇ ಒಂದು ಮಾರುಕಟ್ಟೆ ಬೆಳೆದಿದೆ. ಡೆಟ್ರಾಯಿಟ್‌ಗೆ ಅಂಟಿಕೊಂಡ ಹ್ಯಾಮ್‌ಟ್ರಾಮಿಕ್ ಊರಿನ ಹೈಸ್ಕೂಲಿನಲ್ಲಿ 2012ರಲ್ಲಿ ಮುಸ್ಲಿಂ ಹುಡುಗಿಯರು ಮುಂದಾಗಿ ಹುಡುಗಿಯರಿಗೆ ಮಾತ್ರ ಎಂದು ಬೇರೆಯೇ ಪ್ರಾಮ್ ನಡೆಸಿಕೊಂಡರು. ಒಳಗೆ ಬಂದಮೇಲೆ ಹಿಜಾಬ್ ತೆಗೆದಿಟ್ಟು ಕುಣಿದರು. ಭಾರತೀಯ ಹುಡುಗಿಯರು ಕಂಡುಕೊಂಡ ದಾರಿ ಲೆಹೆಂಗಾ. ಎಡಿಸನ್ನಿನ ಓಕ್ ಟ್ರೀ ರಸ್ತೆ, ಶಿಕಾಗೊದ ಡೆವೊನ್ ಅವೆನ್ಯೂ, ಲಾಸ್ ಏಂಜಲೀಸ್ ಪಕ್ಕದ ಆರ್ಟೀಷಿಯಾದ ಪಯೊನೀರ್ ಬುಲೆವಾರ್ಡ್ ಸುತ್ತಿದರೆ ಆಯ್ಕೆಗೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಾಗ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಳತೆ ಕೊಟ್ಟು ಹೊಲಿಸಿಕೊಂಡು ಹೋಗುವವರೂ ಇದ್ದಾರೆ. ಇದರಲ್ಲೊಂದು ಜಾಣ ಲೆಕ್ಕವಿದೆ. ಗೌನನ್ನು ಎರಡನೇ ಸಲ ಉಡಲು ಅವಕಾಶವೇ ಬರುವುದಿಲ್ಲ. ಲೆಹೆಂಗಾ ಹಾಗಲ್ಲ, ದೀಪಾವಳಿಗೂ ಸೋದರತ್ತೆಯ ಮಗಳ ಮದುವೆಗೂ ಆಗುತ್ತದೆ. ಮಗಳು ತಾನಾಗಿ ಬಯಸಿದರೆ ಇದರಷ್ಟು ಒಳ್ಳೆಯದಿಲ್ಲ. ‘ನಮ್ಮ ಸಂಸ್ಕೃತಿ’ ಎಂದು ತಲೆಗೆ ಕಟ್ಟಿದರೆ ಮಾತ್ರ ಫೋಟೊದಲ್ಲಿ ಮುಖ ಊದಿಸಿಕೊಂಡ ಹುಡುಗಿ ಸಿಗುತ್ತಾಳೆ.

ಅಮೆರಿಕದ ಕನ್ನಡದವರಿಗೆ ಇನ್ನೂ ಒಂದು ಕಿವಿಮಾತು ಹೇಳಬೇಕೆನಿಸುತ್ತದೆ. ಇದೇ ಮನೆಗಳು ಮಗಳ ಭರತನಾಟ್ಯ ರಂಗಪ್ರವೇಶಕ್ಕೆ ಹಾಲ್, ಪಕ್ಕವಾದ್ಯದವರ ವಿಮಾನದ ಟಿಕೆಟ್, ನಾಲ್ಕು ಬಗೆಯ ನೃತ್ಯದುಡುಪು, ನಾನೂರು ಜನರ ಊಟ ಎಂದು ಇಪ್ಪತ್ತು, ಮೂವತ್ತು ಸಾವಿರ ಡಾಲರ್ ಸುರಿಯುವುದು ಅಪರೂಪವೇನಲ್ಲ. ಆಗ ಯಾರೂ ರೂಪಾಯಿಗೆ ಗುಣಿಸುವುದಿಲ್ಲ. ಹತ್ತು ವರ್ಷದ ಸಾಧನೆಗೂ ಒಂದು ರಾತ್ರಿಯ ಕುಣಿತಕ್ಕೂ ಹೋಲಿಕೆಯೇ ಎಂದು ಸಿಟ್ಟಾಗುವವರಿದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಆದರೂ ಹದಿನೇಳರ ಹುಡುಗಿಗೆ ಕಾಣುವುದು ಇಷ್ಟೇ: ಅಪ್ಪ–ಅಮ್ಮನ ಗೆಳೆಯರ ಮುಂದೆ ಕುಣಿಯಲು ದುಡ್ಡಿದೆ, ನನ್ನ ಗೆಳೆಯರ ಮುಂದೆ ಕುಣಿಯಲು ಇಲ್ಲ.

ಮತ್ತೊಂದು ಕಷ್ಟ ಹೊರಗಿನವರಿಗೆ ಕಾಣುವುದೇ ಇಲ್ಲ. ಅಮೆರಿಕದ ಎಷ್ಟೋ ಮಕ್ಕಳು ಹದಿನಾರಕ್ಕೇ ಐಸ್‌ಕ್ರೀಮ್ ಅಂಗಡಿಯಲ್ಲೋ ಈಜುಕೊಳದಲ್ಲೋ ದುಡಿದು ಸ್ವಂತ ದುಡ್ಡಿನಲ್ಲಿ ಗೌನು ಕೊಳ್ಳುತ್ತಾರೆ. ಅಪ್ಪ ಅಥವಾ ಅಮ್ಮನ ಎಚ್–1ಬಿ ನೆರಳಿನಲ್ಲಿ ಎಚ್–4 ವೀಸಾದ ಮೇಲಿರುವ ನಮ್ಮ ಮಕ್ಕಳಿಗೆ ಸಂಬಳದ ಕೆಲಸ ಮಾಡಲು ಕಾನೂನೇ ಬಿಡುವುದಿಲ್ಲ. ಹಸಿರು ಕಾರ್ಡಿನ ಸರದಿ ಭಾರತೀಯರಿಗೆ ದಶಕಗಳಷ್ಟು ಉದ್ದ. ಇಪ್ಪತ್ತೊಂದು ತುಂಬಿದರೆ ಆ ನೆರಳೂ ಇಲ್ಲ. ಗೆಳತಿ ‘ನಾನೇ ದುಡಿದು ಕೊಂಡೆ’ ಎನ್ನುವಾಗ ಇವಳು ಪ್ರತಿ ಡಾಲರಿಗೂ ಕೈಚಾಚಬೇಕು. ಇಂಥ ಮನೆಗಳಲ್ಲಿ ‘ದುಡ್ಡಿನ ಬೆಲೆ ಗೊತ್ತಿಲ್ಲ ನಿನಗೆ’ ಎಂಬ ಬೈಗುಳ ಬಲು ಕಹಿ. ಗೊತ್ತುಮಾಡಿಕೊಳ್ಳಲು ದಾರಿಯನ್ನೇ ಕೊಟ್ಟಿಲ್ಲವಲ್ಲ! ಕೆಲಸಕ್ಕೆ ಹೋಗಬಲ್ಲ ಮಕ್ಕಳ ಪಾಡೂ ಸುಲಭವೇನಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಅದೇ ದರ ನಡೆಯುವ ರಾಜ್ಯಗಳಲ್ಲಿ 600 ಡಾಲರಿನ ಗೌನಿಗೆ 83 ಗಂಟೆ ದುಡಿಯಬೇಕು.

ಕಡಿಮೆಯಲ್ಲಿ ಮುಗಿಸುವ ದಾರಿಗಳು ಬೇಕಾದಷ್ಟಿವೆ, ಅವಮಾನವೂ ಈಗ ಮೊದಲಿನಷ್ಟಿಲ್ಲ. 2009ರಲ್ಲಿ ಶುರುವಾದ ರೆಂಟ್ ದಿ ರನ್‌ವೇ ಕಂಪನಿ ದುಬಾರಿ ಗೌನುಗಳನ್ನು ಕೆಲವು ದಿನದ ಬಾಡಿಗೆಗೆ ಕೊಡುತ್ತದೆ. ಪಾಶ್‌ಮಾರ್ಕ್, ಡಿಪಾಪ್ ಆ್ಯಪ್‌ಗಳಲ್ಲಿ ಒಂದೇ ರಾತ್ರಿ ಉಟ್ಟ ಗೌನು ಅರ್ಧ ಬೆಲೆಗೆ ಸಿಗುತ್ತದೆ. ಫ್ಲಾರಿಡಾದ ಬೆಕಾ ಎಂಬ ಹುಡುಗಿ ಗೌನು ಕೊಳ್ಳಲಾಗದ ಸಹಪಾಠಿಗಳಿಗೆಂದು ಇನ್ನೂರೈವತ್ತಕ್ಕೂ ಹೆಚ್ಚು ಗೌನು ಕೂಡಿಸಿ ಹಂಚಿದ್ದಳು. 2003ರಲ್ಲಿ ಹದಿನಾರನೇ ವಯಸ್ಸಿಗೆ ಕಾರಿನ ಅಪಘಾತದಲ್ಲಿ ತೀರಿಕೊಂಡಳು. ಅವಳ ಹೆಸರಿನ ‘ಬೆಕಾಸ್ ಕ್ಲಾಸೆಟ್’ ಇವತ್ತಿಗೂ ಆ ಕೆಲಸ ಮುಂದುವರಿಸಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2002ರಲ್ಲಿ ಶುರುವಾದ ‘ಪ್ರಿನ್ಸೆಸ್ ಪ್ರಾಜೆಕ್ಟ್’ ಅಂಗಡಿಯಂತೆಯೇ ಸಾಲಾಗಿ ಜೋಡಿಸಿಟ್ಟು, ಹುಡುಗಿ ಆರಿಸಿಕೊಂಡದ್ದನ್ನು ಉಚಿತವಾಗಿ ಕೊಡುತ್ತದೆ. ಹೊಲಿಯಲು ಬರುವವರಿಗೆ ಇನ್ನೊಂದು ಮಜಾ ಇದೆ. ಡಕ್ ಟೇಪ್ ಕಂಪನಿ 2001ರಿಂದ ಸ್ಪರ್ಧೆ ನಡೆಸುತ್ತಿದೆ. ಪೆಟ್ಟಿಗೆಗೆ ಸುತ್ತುವ ಅದೇ ಬಣ್ಣದ ಟೇಪಿನಿಂದ ಪ್ರಾಮ್ ಉಡುಪು ಮಾಡಿದವರಿಗೆ ಕಾಲೇಜಿಗೆಂದು ಸಾವಿರಾರು ಡಾಲರಿನ ವಿದ್ಯಾರ್ಥಿವೇತನ. ಖರ್ಚಿನ ಬದಲು ವರಮಾನ!

ಒಂದೇ ಎಚ್ಚರ: ಏಳುನೂರರ ಗೌನನ್ನು ಎಪ್ಪತ್ತಕ್ಕೆ ಕೊಡುತ್ತೇವೆ ಎನ್ನುವ ಜಾಲತಾಣಗಳು. ಅಲ್ಲಿರುವ ಚಿತ್ರ ಅಸಲಿ ಕಂಪನಿಯಿಂದ ಕದ್ದದ್ದು, ಬರುವುದು ಅದರ ಬಣ್ಣಗೆಟ್ಟ ತಮ್ಮ. ಅಮೆರಿಕದ ಬ್ರೈಡಲ್ ಮತ್ತು ಪ್ರಾಮ್ ಉದ್ಯಮದ ಸಂಘ ಇಂಥವರ ಮೇಲೆ ಕೋರ್ಟಿಗೆ ಹೋಗಿ ಸಾಕಷ್ಟು ತಾಣಗಳನ್ನು ಮುಚ್ಚಿಸಿದೆ, ಮುಚ್ಚಿದ ಮರುವಾರ ಬೇರೆ ಹೆಸರಿನಲ್ಲಿ ತೆರೆಯುತ್ತವೆ.

ಬೆಂಗಳೂರಿಗೂ ಈ ಗಾಳಿ ಬೀಸಿದೆ. ಕೆಲವು ಇಂಟರ್‌ನ್ಯಾಷನಲ್ ಶಾಲೆಗಳು ಹೋಟೆಲಿನಲ್ಲಿ ಪ್ರಾಮ್ ನೈಟ್ ಮಾಡುತ್ತವೆ. ಉಳಿದ ಕಡೆ ಪಿಯುಸಿಯ ಫೇರ್‌ವೆಲ್, ಎಥ್ನಿಕ್ ಡೇ. ಅಮ್ಮನ ಮೈಸೂರು ಸಿಲ್ಕ್ ಉಟ್ಟು, ಬ್ಲೌಸೊಂದನ್ನು ತನ್ನ ಅಳತೆಗೆ ಹೊಲಿಸಿಕೊಂಡು ಹೋಗುವ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಈಚೆಗೆ ಅಲ್ಲೂ ಮೇಕಪ್ಪಿನವರು, ಫೋಟೊಶೂಟಿನವರು ಹತ್ತಿರ ಸುಳಿಯುತ್ತಿದ್ದಾರೆ. ಸೀರೆ ಅಮ್ಮನದಾದರೂ ಮುಖದ ಬಿಲ್ಲು ಐದು ಸಾವಿರ.

ಹಾಗಾದರೆ ಎಷ್ಟು? ನನ್ನನ್ನು ಕೇಳಿದರೆ, ಗೌನಿಗೆ ಎಷ್ಟು ಎಂಬ ಪ್ರಶ್ನೆಯನ್ನೇ ಮೊದಲು ಬಿಡಬೇಕು. ಇಡೀ ರಾತ್ರಿಗೆ ಇಷ್ಟು ಎಂದು ಅಪ್ಪ–ಅಮ್ಮ ಇಬ್ಬರೂ ಕೂತು ಮಾತಾಡಿ, ಅಂಗಡಿಗೆ ಹೋಗುವ ಮುಂಚೆಯೇ ಮಗಳಿಗೆ ಒಂದು ಮೊತ್ತ ಹೇಳಬೇಕು. ಅಪ್ಪ ಕಾರಿನಲ್ಲಿ ಕೂತಿರುವಂತಿಲ್ಲ. ಇಬ್ಬರ ಸಂಬಳದ ಮನೆಗೆ ಐನೂರು ಡಾಲರ್ ಧಾರಾಳ. ಅದರಲ್ಲಿ ಅಲ್ಟರೇಷನ್ ಸೇರಿಸಿ ಅರ್ಧ, ಹೆಚ್ಚೆಂದರೆ ಮುನ್ನೂರು, ಉಡುಪಿಗೆ. ಒಂದೇ ಸಂಬಳವಾದರೆ, ಕೆಲಸ ಅಲ್ಲಾಡುತ್ತಿದ್ದರೆ ಇನ್ನೂರಾಗಲಿ, ಸೆಕೆಂಡ್‌ಹ್ಯಾಂಡ್ ಆಗಲಿ. ಕ್ರೆಡಿಟ್ ಕಾರ್ಡಿನ ಮುಂದಿನ ತಿಂಗಳ ಬಿಲ್ಲಿನಲ್ಲಿ ತೀರದ ಯಾವ ಗೌನೂ ಬೇಡ. ಕಂತಿನ ಆ್ಯಪ್ ಅಂತೂ ಬೇಡವೇ ಬೇಡ. ಹೇಳಿದ ಮೊತ್ತ ಅವಳದ್ದು. ಗೌನಿಗೆ ನಾನೂರು ಹಾಕಿ, ಉಗುರು–ಕೂದಲು ಗೆಳತಿಯ ಕೈಯಲ್ಲಿ ಮಾಡಿಸಿಕೊಂಡು, ಹಳೆ ಚಪ್ಪಲಿಯಲ್ಲಿ ಹೋಗುವೆನೆಂದರೆ ಹೋಗಲಿ. ನೆಲ ಮುಟ್ಟುವ ಗೌನಿನ ಕೆಳಗೆ ಚಪ್ಪಲಿಯನ್ನು ನೋಡುವವರು ಯಾರು? ನೂರೈವತ್ತರ ಗೌನು ಕೊಂಡು ಮಿಕ್ಕಿದ್ದನ್ನು ಉಳಿಸಿಕೊಂಡರೆ ಅದೂ ಅವಳದ್ದೇ, ವಾಪಸ್ ಕೇಳಬಾರದು. ಹೀಗೆ ಮಾಡಿದ ಮನೆಯ ಹುಡುಗಿಯರು ಅಮ್ಮನಿಗಿಂತ ಬಿಗಿಯಾಗಿ ಚೀಟಿ ನೋಡುವುದನ್ನು ಕಂಡಿದ್ದೇನೆ.

ಕೊನೆಗೆ ಅಮೆರಿಕದ ಕನ್ನಡ ಕೂಟಗಳಲ್ಲಿ ಒಂದು ಮನವಿ. ಯುಗಾದಿ ಕಾರ್ಯಕ್ರಮ ನೀವು ಹೇಗೂ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಮಾಡುತ್ತೀರಿ. ಪ್ರಾಮ್‌ಗೆ ಆಗ ಇನ್ನೂ ಕೆಲವು ವಾರವಿರುತ್ತದೆ, ಅಂಚು ಮಡಚಲು ಸಮಯ ಸಾಕು. ಹೋಳಿಗೆ ಊಟದ ಪಕ್ಕದ ಕೋಣೆಯಲ್ಲಿ ಬಟ್ಟೆ ತೂಗುಹಾಕುವ ಎರಡು ಕಂಬಿ, ಒಂದು ಕನ್ನಡಿ ಇಡಿ. ಕಾಲೇಜಿಗೆ ಹೋದ ಮಕ್ಕಳ ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಉಳಿದಿರುವ ಗೌನುಗಳನ್ನು ತರಲು ಸದಸ್ಯರಿಗೆ ಹೇಳಿ. ಉಚಿತವಾಗಿಯೋ ಇಪ್ಪತ್ತು ಡಾಲರಿಗೋ ಹೋಗಲಿ, ಬಂದ ದುಡ್ಡು ಕನ್ನಡ ಶಾಲೆಗಿರಲಿ. ಐದಡಿ ಎರಡಂಗುಲಕ್ಕೆ ಆಗಲೇ ಕತ್ತರಿಸಿದ ಗೌನುಗಳು ಇನ್ನೆಲ್ಲಿ ಸಿಗುತ್ತವೆ?